ಶಿರಾಡಿ ಘಾಟಿಯಲ್ಲಿ ಕಾರು ಕೈಕೊಟ್ಟರೆ: ಡಿಕ್ಕಿಯಲ್ಲಿ ಯಾವ ಸಾಮಾನು ಇರಬೇಕು?

ಪ್ರಶ್ನೆ: ಸರ್, ನಾನು ಬೆಂಗಳೂರಿನಲ್ಲಿ ಕೆಲಸ ಮಾಡುತ್ತೇನೆ. ತಿಂಗಳಿಗೊಮ್ಮೆ ಪುತ್ತೂರಿನ ತವರಿಗೆ ಒಬ್ಬಳೇ ಕಾರು ಓಡಿಸಿಕೊಂಡು ಹೋಗಿ ಬರುತ್ತೇನೆ. ಎಂಟು ವರ್ಷ ಹಳೆಯ ಪೆಟ್ರೋಲ್ ಕಾರು, 78,000 ಕಿ.ಮೀ. ಓಡಿದೆ. ಹೋದ ತಿಂಗಳು ವಾಪಸ್ ಬರುವಾಗ ರಾತ್ರಿ ಒಂಬತ್ತರ ಹೊತ್ತಿಗೆ ಗುಂಡ್ಯ ದಾಟಿ ಘಾಟಿ ಹತ್ತುತ್ತಿದ್ದೆ, ಹಿಂದಿನ ಎಡ ಚಕ್ರ ಪಂಚರ್ ಆಯಿತು. ಕಾರಿನ ಜೊತೆ ಬಂದ ಪಾನಾ ಹಿಡಿದು ಎಷ್ಟು ಒದ್ದಾಡಿದರೂ ಒಂದು ನಟ್ಟೂ ಅಲ್ಲಾಡಲಿಲ್ಲ. ಫೋನಿಗೆ ಸಿಗ್ನಲ್ ಇಲ್ಲ. ಕೊನೆಗೆ ಒಬ್ಬ ಲಾರಿ ಡ್ರೈವರ್ ನಿಲ್ಲಿಸಿ ಚಕ್ರ ಬಿಚ್ಚಿಕೊಟ್ಟರು. ಆಗ ನೋಡಿದರೆ ಸ್ಟೆಪ್ನಿಯಲ್ಲೂ ಗಾಳಿ ಇಲ್ಲ! ಅವರೇ ಲಾರಿಯಿಂದ ಗಾಳಿ ಹಾಕಿ ಕಳಿಸಿದರು. ಈಗ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಸಲಹೆ. ನೂರೆಂಟು ಪೀಸಿನ ಟೂಲ್ ಕಿಟ್ ತಗೋ ಅಂತಾನೆ ಅಣ್ಣ. ರೋಡ್‌ಸೈಡ್ ಅಸಿಸ್ಟೆನ್ಸ್ ಇದೆಯಲ್ಲ, ಏನೂ ಬೇಡ ಅಂತಾರೆ ಗಂಡ. ಟೈರಿನೊಳಗೆ ಸೀಲಂಟ್ ಹಾಕಿಸಿದರೆ ಪಂಚರ್ ಚಿಂತೆಯೇ ಇಲ್ಲ ಅಂತಾಳೆ ಗೆಳತಿ. ರೇಡಿಯೇಟರ್ ಸೋರಿದರೆ ಅರಿಶಿನ ಪುಡಿ ಹಾಕು ಅಂತ ಮಾವ ಬೇರೆ ಹೇಳಿದ್ದಾರೆ. ನಾನು ನಿಜಕ್ಕೂ ಏನು ಇಟ್ಟುಕೊಳ್ಳಬೇಕು? ಎಷ್ಟು ಖರ್ಚಾಗುತ್ತದೆ? ಎಲ್ಲಿ ಇಡಬೇಕು?

ಉತ್ತರ: ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಆ ರಾತ್ರಿ ನಟ್ಟು ಅಲ್ಲಾಡದೇ ಹೋದದ್ದು ನಿಮ್ಮ ಕೈಯಲ್ಲಿ ಬಲ ಸಾಲದೆ ಅಲ್ಲ. ಸಕಲೇಶಪುರದ ಹತ್ತಿರ 22 ವರ್ಷದಿಂದ ಗ್ಯಾರೇಜು ನಡೆಸುತ್ತಿದ್ದೇನೆ. ಘಾಟಿಯಲ್ಲಿ ನಿಂತ ಗಾಡಿ ಎಬ್ಬಿಸೋಕೆ ವಾರಕ್ಕೆ ಎರಡು ಮೂರು ಸಲವಾದರೂ ಇಳಿದು ಹೋಗುತ್ತೇನೆ. ನಿಮ್ಮ ಹಾಗೇ ನಟ್ಟು ಬಿಚ್ಚಲಾಗದೆ ಕೂತಿದ್ದ ಗಟ್ಟಿಮುಟ್ಟಾದ ಗಂಡಸರನ್ನು ಎಷ್ಟೋ ಜನರನ್ನು ನೋಡಿದ್ದೇನೆ.

ಕಾರಣ ಇಷ್ಟು. ನಿಮ್ಮಂಥ ಸಣ್ಣ ಕಾರಿನ ಚಕ್ರದ ನಟ್ಟನ್ನು ಸುಮಾರು 100 ನ್ಯೂಟನ್ ಮೀಟರ್ ಬಿಗಿ ಮಾಡಿದರೆ ಸಾಕು, ಅಂದರೆ ಒಂದು ಮೀಟರ್ ಉದ್ದದ ಹಿಡಿಯ ತುದಿಗೆ ಹತ್ತು ಕಿಲೋ ಭಾರ ಬಿಟ್ಟಷ್ಟು. ಆದರೆ ಟೈರ್ ಅಂಗಡಿಯಲ್ಲಿ ಗಾಳಿಯ ಗನ್ ಹಿಡಿದು 'ಟರ್ರ್' ಅನ್ನಿಸುತ್ತಾರಲ್ಲ, ಅದು ಎಷ್ಟೋ ಸಲ ಇದರ ಎರಡು ಪಟ್ಟು ಬಿಗಿ ಮಾಡಿಬಿಡುತ್ತದೆ. ಕಾರಿನ ಜೊತೆ ಕೊಡುವ ಪಾನಾದ ಹಿಡಿ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ, 25 ಸೆಂಟಿಮೀಟರ್ ಅಂದುಕೊಳ್ಳಿ. ಸರಿಯಾಗಿ ಬಿಗಿಸಿದ ನಟ್ಟಿಗೇ ಅದರ ತುದಿಯಲ್ಲಿ 40 ಕಿಲೋ ಭಾರ ಬಿಡಬೇಕು. ಗನ್ನಿನಲ್ಲಿ ಬಿಗಿಸಿದ್ದಕ್ಕೆ 80 ಕಿಲೋ. ಯಾರ ತೋಳಿಗೆ ಆಗುತ್ತದೆ ಹೇಳಿ? ಅದೇ ಹಿಡಿ 50 ಸೆಂಟಿಮೀಟರ್ ಇದ್ದರೆ ಬೇಕಾದ ಬಲ ಅರ್ಧಕ್ಕೆ ಇಳಿಯುತ್ತದೆ. ನೀವು ಕೊಳ್ಳಬೇಕಾದ ಮೊದಲ ಸಾಮಾನು ಇದೇ: ಉದ್ದ ಹಿಡಿಯ ವೀಲ್ ಸ್ಪ್ಯಾನರ್. ಎಳೆದರೆ ಉದ್ದವಾಗುವಂಥದ್ದು ಸಿಗುತ್ತದೆ, ಡಿಕ್ಕಿಯಲ್ಲಿ ಜಾಗವೂ ಕಮ್ಮಿ. ಕೊಳ್ಳುವ ಮೊದಲು ನಿಮ್ಮ ನಟ್ಟಿನ ಅಳತೆ ನೋಡಿಕೊಳ್ಳಿ. ಮಾರುತಿಯ ಹೆಚ್ಚಿನ ಕಾರುಗಳಿಗೆ 19 ಮಿ.ಮೀ., ಹ್ಯುಂಡೈಗೆ 21. ಅಂಗಡಿಯವರ ಮಾತಿಗೆ ಬಿಡಬೇಡಿ, ಕಾರಿನ ಪಕ್ಕ ನಿಂತು ನಟ್ಟಿಗೆ ಕೂರಿಸಿಯೇ ದುಡ್ಡು ಕೊಡಿ. ಸಡಿಲ ಕೂತ ಪಾನಾ ನಟ್ಟಿನ ಮೂಲೆ ತಿಂದು ದುಂಡಗೆ ಮಾಡುತ್ತದೆ. ಆಮೇಲೆ ಅದನ್ನು ತೆಗೆಯೋಕೆ ನಮಗೂ ಅರ್ಧ ದಿನ.

ಇನ್ನು ನಿಮ್ಮ ಮನೆಯವರ ಸಲಹೆಗಳು. ಪ್ರತಿಯೊಂದರಲ್ಲೂ ಒಂದಿಷ್ಟು ನಿಜ ಇದೆ.

ಅಣ್ಣ ಹೇಳುವ ನೂರೆಂಟು ಪೀಸಿನ ಪೆಟ್ಟಿಗೆ ನೋಡೋಕೆ ಚೆಂದ. ನಮ್ಮ ಗ್ಯಾರೇಜಿಗೆ ಬರುವ ಎಷ್ಟೋ ಕಾರುಗಳ ಡಿಕ್ಕಿಯಲ್ಲಿ ಅದು ಪ್ಲಾಸ್ಟಿಕ್ ಕವರ್ ಕೂಡ ಹರಿಯದೆ ಕೂತಿರುತ್ತದೆ. ಅದರಲ್ಲಿ ಮುಕ್ಕಾಲು ಭಾಗ ಸಣ್ಣ ಸಣ್ಣ ಸಾಕೆಟ್ಟು, ಬಿಟ್ಟು. ನಿಮಗೆ ಬೇಕಾದ ದೊಡ್ಡ ಅಳತೆಯದು ಹೆಚ್ಚಾಗಿ ಇರುವುದೇ ಇಲ್ಲ. ಅಗ್ಗದ ಕಬ್ಬಿಣವಾದರೆ ಮೊದಲ ಸಲ ಜೋರಾಗಿ ತಿರುಗಿಸಿದಾಗಲೇ ಬಾಯಿ ಬಿಡುತ್ತದೆ. ರಸ್ತೆ ಬದಿಯಲ್ಲಿ, ಕತ್ತಲಲ್ಲಿ, ಒಬ್ಬರೇ ಮಾಡಬಹುದಾದ ಕೆಲಸ ನಾಲ್ಕೋ ಐದೋ ಅಷ್ಟೇ: ಚಕ್ರ, ಬ್ಯಾಟರಿ, ಎಂಜಿನ್ ಬಿಸಿ, ಫ್ಯೂಸು, ಕೆಳಗೆ ಜೋತುಬಿದ್ದ ಯಾವುದಾದರೂ ಭಾಗ ಕಟ್ಟುವುದು. ಇಷ್ಟಕ್ಕೆ ಏನು ಬೇಕೋ ಅದು ಒಳ್ಳೆಯದಿರಲಿ.

ಅಸಿಸ್ಟೆನ್ಸ್ ಬಗ್ಗೆ ನಿಮ್ಮ ಯಜಮಾನರು ಹೇಳಿದ್ದು ಸರಿ, ಅದನ್ನು ಬಿಡಬೇಡಿ. ಆದರೆ ಮಾರನಹಳ್ಳಿಯಿಂದ ಗುಂಡ್ಯದ ನಡುವೆ ಎಷ್ಟೋ ತಿರುವಿನಲ್ಲಿ ಫೋನು ಸತ್ತಂತೆ ಇರುತ್ತದೆ, ನಿಮಗೇ ಗೊತ್ತಾಗಿದೆ. ಸಿಗ್ನಲ್ ಸಿಕ್ಕರೂ ಗಾಡಿ ಹಾಸನದಿಂದಲೋ ಮಂಗಳೂರು ಕಡೆಯಿಂದಲೋ ಬರಬೇಕು. ಮಳೆಗಾಲದ ರಾತ್ರಿ ಎರಡು ಮೂರು ಗಂಟೆ ಕಾಯಬೇಕಾಗಬಹುದು. ಅಷ್ಟು ಹೊತ್ತು ನೀವು ಎಲ್ಲಿ ನಿಂತಿರುತ್ತೀರಿ ಅನ್ನುವುದೇ ನನ್ನ ಚಿಂತೆ. ಅಸಿಸ್ಟೆನ್ಸ್ ನಂಬರು, ಹೆದ್ದಾರಿ ಸಹಾಯವಾಣಿ 1033, ತುರ್ತು ಸಂಖ್ಯೆ 112, ಇವನ್ನು ಒಂದು ಚೀಟಿಯಲ್ಲಿ ಬರೆದು ಗ್ಲೌವ್ ಬಾಕ್ಸಿನಲ್ಲಿ ಹಾಕಿ. ಫೋನಿನ ಚಾರ್ಜು ಮುಗಿದರೆ ಬೇರೆಯವರ ಫೋನಿಂದ ಮಾಡಬಹುದು. ಕರೆ ಮಾಡುವಾಗ ಹತ್ತಿರದ ಕಿ.ಮೀ. ಕಲ್ಲಿನ ಸಂಖ್ಯೆ ಹೇಳಿ. 'ಒಂದು ದೊಡ್ಡ ತಿರುವು, ಪಕ್ಕ ಕಾಡು' ಅಂದರೆ ಶಿರಾಡಿಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.

ಸೀಲಂಟ್ ವಿಷಯ. ಟ್ಯೂಬ್‌ಲೆಸ್ ಟೈರಿನ ನೆಲಕ್ಕೆ ತಾಗುವ ಭಾಗದಲ್ಲಿ ಸಣ್ಣ ಮೊಳೆಯ ತೂತಾದರೆ ಅದು ಮುಚ್ಚುತ್ತದೆ, ಸುಳ್ಳಲ್ಲ. ಆದರೆ ಟೈರಿನ ಪಕ್ಕದ ಗೋಡೆ ಹರಿದರೆ ಏನೂ ಮಾಡುವುದಿಲ್ಲ. ಮೊದಲೇ ತುಂಬಿಸಿಟ್ಟರೆ ಇನ್ನೊಂದು ತೊಂದರೆ: ಮೊಳೆ ಚುಚ್ಚಿದ್ದು ನಿಮಗೆ ಗೊತ್ತೇ ಆಗುವುದಿಲ್ಲ, ತೂತಿನಿಂದ ನೀರು ಇಳಿದು ಟೈರಿನ ಒಳಗಿನ ಉಕ್ಕಿನ ತಂತಿ ತುಕ್ಕು ಹಿಡಿಯುತ್ತದೆ. ಚಕ್ರದ ಬ್ಯಾಲೆನ್ಸ್ ಕೂಡ ಕೆಡಬಹುದು. ಆಮೇಲೆ ಪಂಚರ್ ಅಂಗಡಿಯವನು ಆ ಅಂಟು ತೊಳೆಯುತ್ತಾ ಕೂರಬೇಕು. ಬೇಕಿದ್ದರೆ ಡಬ್ಬಿಯಲ್ಲಿ ಬರುವುದನ್ನು ಕೊನೆಯ ದಾರಿ ಅಂತ ಇಟ್ಟುಕೊಳ್ಳಿ, ಅದಕ್ಕೂ ಅವಧಿ ಮುಗಿಯುವ ದಿನಾಂಕ ಇರುತ್ತದೆ.

ಮಾವನವರು ಹೇಳಿದ ಅರಿಶಿನ ಹಳೇ ಲಾರಿ ಕಾಲದ ಉಪಾಯ. ಆಗ ಹಿತ್ತಾಳೆಯ ದೊಡ್ಡ ರೇಡಿಯೇಟರ್, ಒಳಗೆ ಅಗಲವಾದ ನಾಳ. ಪುಡಿ ಹೋಗಿ ಸಣ್ಣ ಸೋರಿಕೆಯಲ್ಲಿ ಕೂತು ಊರು ತಲುಪಿಸುತ್ತಿತ್ತು. ಈಗಿನ ಅಲ್ಯುಮಿನಿಯಂ ರೇಡಿಯೇಟರಿನ ನಾಳಗಳು ತೀರಾ ಸಪೂರ. ಸೋರುವ ಜಾಗದ ಜೊತೆ ಸೋರದ ಜಾಗವನ್ನೂ ಆ ಪುಡಿ ಕಟ್ಟಿಹಾಕುತ್ತದೆ. ನಿಮ್ಮ ಕಾರಿಗೆ ಖಂಡಿತ ಬೇಡ.

ಈಗ ಚಕ್ರಕ್ಕೆ ಬರೋಣ, ನೀವು ಸಿಕ್ಕಿಬಿದ್ದದ್ದೇ ಅಲ್ಲಿ. ಸ್ಟೆಪ್ನಿಯಲ್ಲಿ ಗಾಳಿ ಇಲ್ಲದ್ದಕ್ಕೆ ಪಂಚರ್ ಆಗಿರಲೇಬೇಕು ಅಂತಿಲ್ಲ. ಯಾವ ಟೈರಾದರೂ ಸುಮ್ನೆ ಇಟ್ಟರೂ ತಿಂಗಳಿಗೆ ಒಂದೆರಡು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗಾಳಿ ಕಳೆದುಕೊಳ್ಳುತ್ತದೆ. ಎರಡು ವರ್ಷ ಮುಟ್ಟದಿದ್ದರೆ ಲೆಕ್ಕ ಹಾಕಿ. ಪೆಟ್ರೋಲ್ ಬಂಕಿನಲ್ಲಿ ನಾಲ್ಕು ಚಕ್ರಕ್ಕೆ ಗಾಳಿ ಹಿಡಿಸುವಾಗ ಐದನೆಯದಕ್ಕೂ ಹಿಡಿಸಿ. ಹುಡುಗರು ಡಿಕ್ಕಿ ತೆಗೆಯೋಕೆ ಬೇಸರ ಮಾಡುತ್ತಾರೆ, ಪರವಾಗಿಲ್ಲ, ಕೇಳಿ. ಅಂದ ಹಾಗೆ ಈ 'ಸ್ಟೆಪ್ನಿ' ಅನ್ನುವ ಹೆಸರು ವೇಲ್ಸ್ ದೇಶದ ಲಾನೆಲಿ ಊರಿನ ಸ್ಟೆಪ್ನಿ ಬೀದಿಯಿಂದ ಬಂದದ್ದು. 1904ರ ಸುಮಾರಿಗೆ ಅಲ್ಲಿ ಇಬ್ಬರು ಅಣ್ಣತಮ್ಮಂದಿರು ಮೊದಲಿಗೆ ಈ ಹೆಚ್ಚುವರಿ ಚಕ್ರ ಮಾಡಿ ಮಾರಿದರು. ಆ ಬೀದಿಯ ಹೆಸರು ನಮ್ಮ ಹಳ್ಳಿ ಹಳ್ಳಿಯ ಪಂಚರ್ ಅಂಗಡಿ ತನಕ ಬಂದಿದೆ. ಮುಂದೆ ಹೊಸ ಕಾರು ಕೊಳ್ಳುವುದಾದರೆ ಸ್ಟೆಪ್ನಿ ಇದೆಯಾ ಅಂತ ಕೇಳಿ. ಟ್ಯೂಬ್‌ಲೆಸ್ ಟೈರು, ಗಾಳಿ ಎಷ್ಟಿದೆ ಅಂತ ತೋರಿಸುವ ವ್ಯವಸ್ಥೆ, ಪಂಚರ್ ಕಿಟ್ ಇದ್ದರೆ ಸ್ಟೆಪ್ನಿ ಕೊಡಲೇಬೇಕಿಲ್ಲ ಅಂತ 2020ರಲ್ಲಿ ನಿಯಮ ಬದಲಾಗಿದೆ. ಘಾಟಿಯಲ್ಲಿ ಓಡಾಡುವವರಿಗೆ ಸ್ಟೆಪ್ನಿ ಇರುವ ಕಾರೇ ಇರಲಿ ಅನ್ನುವುದು ನನ್ನ ಅಭಿಪ್ರಾಯ.

ಸ್ಟೆಪ್ನಿಯ ಜೊತೆ ಒಂದು ಗಾಳಿ ಹೊಡೆಯುವ ಸಣ್ಣ ಯಂತ್ರ ತಗೊಳ್ಳಿ, ಕಾರಿನ 12 ವೋಲ್ಟ್ ಸಾಕೆಟ್ಟಿಗೆ ಸಿಕ್ಕಿಸುವುದು. ಇಷ್ಟೂ ಸಾಮಾನಿನಲ್ಲಿ ಒಂದೇ ಒಂದು ಕೊಳ್ಳುವಷ್ಟು ದುಡ್ಡಿದೆ ಅಂದರೆ ಉದ್ದದ ಪಾನಾ, ಎರಡು ಕೊಳ್ಳುವಷ್ಟಿದ್ದರೆ ಪಾನಾ ಮತ್ತು ಇದು. ಯಾಕೆಂದರೆ ಮುಕ್ಕಾಲು ಪಾಲು ಪಂಚರ್ 'ಢಂ' ಅಂತ ಆಗುವುದಿಲ್ಲ, ಮೊಳೆ ಚುಚ್ಚಿ ನಿಧಾನ ಇಳಿಯುತ್ತದೆ. ಮೊಳೆ ಕಂಡರೆ ಕೂಡಲೇ ಕಿತ್ತುಬಿಡಬೇಡಿ. ಟ್ಯೂಬ್‌ಲೆಸ್ ಟೈರಿನಲ್ಲಿ ಆ ಮೊಳೆಯೇ ಬಿರಡೆ. ಗಾಳಿ ತುಂಬಿ, ಐದು ನಿಮಿಷ ನೋಡಿ. ಮೀಟರಿನಲ್ಲಿ ಒಂದೆರಡು ಪಿಎಸ್‌ಐ ಮಾತ್ರ ಇಳಿದಿದ್ದರೆ ನಿಧಾನಕ್ಕೆ ಓಡಿಸಿಕೊಂಡು, ನಡುವೆ ಮತ್ತೊಮ್ಮೆ ತುಂಬಿ, ಸಕಲೇಶಪುರ ಮುಟ್ಟಬಹುದು. ಚಕ್ರ ಬಿಚ್ಚುವ ಕೆಲಸವೇ ಇಲ್ಲ. ಯಂತ್ರ ಓಡುವಾಗ ಎಂಜಿನ್ ಚಾಲೂ ಇರಲಿ, ಹತ್ತು ನಿಮಿಷಕ್ಕಿಂತ ಜಾಸ್ತಿ ಒಂದೇ ಸಮ ಓಡಿಸಬೇಡಿ, ಅದು ಸುಡುವಷ್ಟು ಬಿಸಿಯಾಗುತ್ತದೆ. ಪಂಚರ್ ಹಾಕುವ ಕಿಟ್, ಅಂದರೆ ತೂತು ಉಜ್ಜುವ ರೀಮರ್ ಮತ್ತು ಅದನ್ನು ಮುಚ್ಚುವ ಅಂಟಿನ ದಾರ, ಕಲಿತರೆ ಕಷ್ಟವಲ್ಲ. ಆದರೆ ತೂತಿನೊಳಗೆ ರೀಮರ್ ತಿರುಗಿಸೋಕೆ ತುಂಬಾ ಬಲ ಬೇಕು. ನಿಮಗೆ ಅದು ಕಡ್ಡಾಯ ಅಂತ ನಾನು ಹೇಳುವುದಿಲ್ಲ.

ಚಕ್ರ ಬದಲಿಸಲೇಬೇಕಾಗಿ ಬಂದರೆ, ಪಂಚರ್ ಆದ ಜಾಗದಲ್ಲೇ ನಿಲ್ಲಬೇಕಿಲ್ಲ. ಏರಿನಲ್ಲಿ, ತಿರುವಿನಲ್ಲಿ ಜಾಕ್ ಹಾಕುವುದು ಪ್ರಾಣಕ್ಕೇ ಅಪಾಯ. ಗಾಳಿ ಇಲ್ಲದ ಚಕ್ರದಲ್ಲೇ ಹತ್ತು ಕಿ.ಮೀ. ವೇಗದಲ್ಲಿ ಮಟ್ಟಸ ಜಾಗದ ತನಕ ಹೋಗಿ. ಟೈರು ಹಾಳಾಗಬಹುದು, ಆಗಲಿ ಬಿಡಿ. ಹ್ಯಾಂಡ್‌ಬ್ರೇಕ್ ಎಳೆದು, ಮೊದಲ ಗೇರಿಗೆ ಹಾಕಿ, ಎದುರು ಮೂಲೆಯ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ. ಚಕ್ರ ನೆಲದ ಮೇಲಿರುವಾಗಲೇ ನಟ್ಟನ್ನೆಲ್ಲ ಅರ್ಧ ಸುತ್ತು ಸಡಿಲ ಮಾಡಿ. ಪಾನಾದ ಹಿಡಿ ನಿಮ್ಮ ಎಡಗಡೆಗೆ, ನೆಲಕ್ಕೆ ಸಮನಾಗಿ ಬರುವ ಹಾಗೆ ಕೂರಿಸಿ. ಮೇಲಕ್ಕೆ ಎಳೆಯಬೇಡಿ, ಸೊಂಟ ಹಿಡಿಯುತ್ತದೆ. ಕೆಳಕ್ಕೆ ಒತ್ತಿ. ಆಗದಿದ್ದರೆ ಕಾರಿನ ಮೇಲಂಚು ಹಿಡಿದುಕೊಂಡು ಹಿಡಿಯ ತುದಿಯ ಮೇಲೆ ಒಂದು ಕಾಲಿಟ್ಟು ಮೈಭಾರ ಬಿಡಿ, ಕುಣಿಯಬೇಡಿ. 'ಕಿರ್ರ್' ಅಂತ ಒಂದು ಸದ್ದು ಬರುತ್ತದೆ. ನಟ್ಟು ಬಿಟ್ಟಿತು ಅಂತ ಅರ್ಥ. ಆಮೇಲೆ ಜಾಕ್. ನಮ್ಮ ಕಡೆ ರಸ್ತೆಯ ಅಂಚೆಲ್ಲ ಮಳೆಗೆ ಮೆತ್ತಗಾಗಿರುತ್ತದೆ, ಜಾಕ್ ಮಣ್ಣಿನಲ್ಲಿ ಇಳಿಯುತ್ತದೆ. ಒಂದು ಅಡಿ ಉದ್ದ, ಒಂದು ಅಡಿ ಅಗಲದ ದಪ್ಪ ಪ್ಲೈವುಡ್ ತುಂಡು ಬಡಗಿ ಹತ್ತಿರ ಕೇಳಿದರೆ ಸುಮ್ನೆ ಕೊಡುತ್ತಾನೆ, ಅದನ್ನು ಕೆಳಗೆ ಹಾಕಿ. ಬಿಚ್ಚುವ ಮೊದಲು ಸ್ಟೆಪ್ನಿಯನ್ನು ಕಾರಿನ ಅಡಿಗೆ ತಳ್ಳಿಡಿ. ಜಾಕ್ ಜಾರಿದರೆ ಕಾರು ಅದರ ಮೇಲೆ ಕೂರುತ್ತದೆ. ಹೊಸ ಚಕ್ರ ಹಾಕಿದ ಮೇಲೆ ನಟ್ಟುಗಳನ್ನು ಒಂದರ ಪಕ್ಕದ್ದೊಂದಲ್ಲ, ಎದುರುಬದುರಾಗಿ ಬಿಗಿ ಮಾಡಿ. 50 ಕಿ.ಮೀ. ಹೋದ ಮೇಲೆ ಮತ್ತೊಮ್ಮೆ ಪಾನಾ ಹಾಕಿ ನೋಡಿ. ನಿಮ್ಮ ಸ್ಟೆಪ್ನಿ ಉಳಿದ ಚಕ್ರಕ್ಕಿಂತ ಸಪೂರ ಇದ್ದರೆ ಅದರ ಮೇಲೆ ವೇಗದ ಮಿತಿ ಬರೆದಿರುತ್ತದೆ, ಸಾಮಾನ್ಯವಾಗಿ 80 ಕಿ.ಮೀ.

ಬ್ಯಾಟರಿ. ಕೀಲಿ ತಿರುಗಿಸಿದರೆ ಬರೀ 'ಟಕ್ ಟಕ್' ಅಂದರೆ ಬ್ಯಾಟರಿ ಸತ್ತಿತು ಅಂತ ಎಲ್ಲರೂ ಹೇಳುತ್ತಾರೆ. ಒಂದು ಸಲ ಬೆಳಗಿನ ಜಾವ ದೋಣಿಗಾಲ್ ಹತ್ತಿರದಿಂದ ಕರೆ ಬಂತು. ಮದುವೆಗೆ ಹೊರಟ ಮನೆಯವರು, ಕಾರಿನಲ್ಲಿ ಹೆಣ್ಣಿನ ಸೀರೆ, ಒಡವೆ ಎಲ್ಲ ಇದೆ, ಚಹಾಕ್ಕೆ ನಿಲ್ಲಿಸಿದವರು ಮತ್ತೆ ಚಾಲೂ ಮಾಡಿದರೆ ಆಗುತ್ತಿಲ್ಲ. ಹೋಗಿ ಬಾನೆಟ್ ಎತ್ತಿ, ಬ್ಯಾಟರಿಗೆ ತಂತಿ ಸಿಕ್ಕಿಸುವ ಟರ್ಮಿನಲ್ ಹಿಡಿದರೆ ನನ್ನ ಬೆರಳಲ್ಲೇ ತಿರುಗಿತು. 10 ನಂಬರ್ ಸ್ಪ್ಯಾನರಿನಲ್ಲಿ ಅರ್ಧ ಸುತ್ತು ಬಿಗಿಸಿದೆ, ಕಾರು ಹೊರಟಿತು. ಒಂದೂವರೆ ಗಂಟೆ ಕಾದಿದ್ದರು. ಆ ತಾಯಿಯ ಮುಖ ಇನ್ನೂ ನೆನಪಿದೆ. ಅದಕ್ಕೇ ಹೇಳುತ್ತೇನೆ, 10 ನಂಬರಿನ ಒಂದು ಸ್ಪ್ಯಾನರ್ ನಿಮ್ಮ ಚೀಲದಲ್ಲಿ ಇರಲೇಬೇಕು. ಟರ್ಮಿನಲ್ ಮೇಲೆ ಬಿಳಿಯೋ ಹಸಿರೋ ಪುಡಿ ಕೂತಿದ್ದರೆ ಮನೆಯಲ್ಲಿ ಬಿಸಿನೀರು, ಅಡುಗೆ ಸೋಡಾ ಹಾಕಿ ತೊಳೆದು ಒರೆಸಿ.

ಬ್ಯಾಟರಿ ಬಾಳಿಕೆ ಮೂರರಿಂದ ಐದು ವರ್ಷ. ನಿಮ್ಮದು ಯಾವಾಗ ಹಾಕಿದ್ದು ಅಂತ ಬಿಲ್ ಹುಡುಕಿ ನೋಡಿ. ಇನ್ನೊಂದು ಕಾರಿನ ಬ್ಯಾಟರಿಯಿಂದ ಕರೆಂಟು ತರುವ ಜಂಪರ್ ಕೇಬಲ್ ಕೊಳ್ಳುವುದಾದರೆ ಹುಷಾರು. ಹೊರಗೆ ಹೆಬ್ಬೆರಳು ದಪ್ಪದ ರಬ್ಬರು, ಒಳಗೆ ನಾಲ್ಕು ಎಳೆ ತಂತಿ ಇರುವಂಥವು ತುಂಬಾ ಬಂದಿವೆ. 16 ಚದರ ಮಿ.ಮೀ. ತಾಮ್ರ ಅಂತ ಕೇಳಿ ತಗೊಳ್ಳಿ. ಹಾಕುವ ಕ್ರಮ: ಕೆಂಪು ಮೊದಲು ನಿಮ್ಮ ಬ್ಯಾಟರಿಯ ಪ್ಲಸ್‌ಗೆ, ಆಮೇಲೆ ಸಹಾಯ ಮಾಡುವ ಕಾರಿನ ಪ್ಲಸ್‌ಗೆ. ಕಪ್ಪು ಆ ಕಾರಿನ ಮೈನಸ್‌ಗೆ, ಕೊನೆಯ ತುದಿ ನಿಮ್ಮ ಎಂಜಿನ್ನಿನ ಬಣ್ಣವಿಲ್ಲದ ಕಬ್ಬಿಣಕ್ಕೆ, ಬ್ಯಾಟರಿಯಿಂದ ದೂರ. ಕೊನೆಯ ಕೊಂಡಿಯಲ್ಲಿ ಕಿಡಿ ಹಾರುತ್ತದೆ, ಬ್ಯಾಟರಿಯಿಂದ ಬೆಂಕಿ ಹಿಡಿಯುವ ಗಾಳಿ ಬರುತ್ತಿರುತ್ತದೆ. ಅದಕ್ಕೇ ದೂರ. ಒಬ್ಬರೇ ಓಡಾಡುವ ನಿಮಗೆ ಕೈಯಲ್ಲಿ ಹಿಡಿಯುವ ಜಂಪ್ ಸ್ಟಾರ್ಟರ್ ಹೆಚ್ಚು ಅನುಕೂಲ, ಇನ್ನೊಂದು ಕಾರಿಗೆ ಕೈ ಅಡ್ಡ ಹಾಕಬೇಕಿಲ್ಲ. ಆದರೆ ಅದು ಲಿಥಿಯಂ ಬ್ಯಾಟರಿ. ಬಿಸಿಲಲ್ಲಿ ನಿಂತ ಕಾರಿನಲ್ಲಿ ವರ್ಷಗಟ್ಟಲೆ ಬಿಡಬಾರದು. ಹೊರಡುವ ಹಿಂದಿನ ದಿನ ಚಾರ್ಜ್ ಮಾಡಿ ಕೈಚೀಲದಲ್ಲಿ ಹಾಕಿಕೊಳ್ಳಿ.

ಘಾಟಿ ಹತ್ತುವಾಗ ಮುಂದೆ ಲಾರಿಗಳ ಸಾಲು, ಎಸಿ ಚಾಲೂ, ಮೊದಲ ಗೇರು. ಬಿಸಿಯ ಮುಳ್ಳು ಏರುವುದು ಇಂಥ ಹೊತ್ತಿನಲ್ಲೇ. ಏರಿದ್ದು ಕಂಡ ಕೂಡಲೇ ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಇಟ್ಟು ಕಿಟಕಿ ಇಳಿಸಿ. ಸೆಕೆ ಆಗುತ್ತದೆ, ಆದರೆ ಎಂಜಿನ್ನಿನ ಬಿಸಿ ಆ ದಾರಿಯಲ್ಲೂ ಹೊರಗೆ ಹೋಗುತ್ತದೆ. ಮುಳ್ಳು ಇಳಿಯದಿದ್ದರೆ, ಇಲ್ಲವೇ ಹಬೆ ಬಂದರೆ, ಬದಿಗೆ ನಿಲ್ಲಿಸಿ ಎಂಜಿನ್ ಆಫ್. ರೇಡಿಯೇಟರಿನ ಕ್ಯಾಪ್ ಮಾತ್ರ ಮುಟ್ಟಬೇಡಿ. ಒಳಗೆ ಒತ್ತಡ ಇರುವುದರಿಂದ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಕೂತಿರುತ್ತದೆ. ಕ್ಯಾಪ್ ತಿರುಗಿಸಿದ ಕ್ಷಣ ಎಲ್ಲ ಒಟ್ಟಿಗೆ ಕುದಿದು ಮುಖಕ್ಕೆ ಹಾರುತ್ತದೆ. ಹೀಗೆ ಸುಟ್ಟುಕೊಂಡ ಇಬ್ಬರನ್ನು ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೇನೆ. ಮುಕ್ಕಾಲು ಗಂಟೆ ಕಾಯಿರಿ, ಬಟ್ಟೆ ಹಾಕಿ ನಿಧಾನ ತಿರುಗಿಸಿ. ಒಂದು ಲೀಟರ್ ಕೂಲಂಟ್, ಅಂದರೆ ಎಂಜಿನ್ ತಂಪು ಮಾಡುವ ದ್ರವ, ಡಿಕ್ಕಿಯಲ್ಲಿರಲಿ. ಅದು ಮುಗಿದರೆ ಕುಡಿಯುವ ನೀರನ್ನೇ ಹಾಕಿ ಗ್ಯಾರೇಜಿನ ತನಕ ಬನ್ನಿ. ಪೈಪಿನಲ್ಲಿ ಸಣ್ಣ ಬಿರುಕು ಕಂಡರೆ ತನಗೆ ತಾನೇ ಅಂಟುವ ಸಿಲಿಕಾನ್ ಟೇಪನ್ನು ಎಳೆದು ಎಳೆದು ಸುತ್ತಿ. ಅದರ ಒಂದು ರೋಲ್ ಇಟ್ಟುಕೊಳ್ಳಿ.

ಫ್ಯೂಸಿನದು ಸಣ್ಣ ಕೆಲಸ. ಕೆಂಪು 10 ಆಂಪಿಯರ್, ನೀಲಿ 15, ಹಳದಿ 20, ಹಸಿರು 30. ತಲಾ ಎರಡು ಇರಲಿ. ಸುಟ್ಟುಹೋದದ್ದರ ಬಣ್ಣದ್ದೇ ಹಾಕಿ. ತಂತಿ, ಸಿಗರೇಟಿನ ಬೆಳ್ಳಿ ಕಾಗದ ಸುತ್ತಿ ಹಾಕುವುದು ಅಂದರೆ ವೈರಿಂಗಿಗೆ ಬೆಂಕಿ ಇಟ್ಟ ಹಾಗೆ. ಇದರ ಜೊತೆ ಒಂದು ಕಟಿಂಗ್ ಪ್ಲೇಯರ್, ಎರಡು ಬಾಯಿಯ ಸ್ಕ್ರೂ ಡ್ರೈವರ್, ಹತ್ತು ಉದ್ದ ಕೇಬಲ್ ಟೈ, ಒಂದಿಷ್ಟು ಕಟ್ಟುವ ತಂತಿ. ಗುಂಡಿಗೆ ಬಿದ್ದು ಬಂಪರೋ ಎಂಜಿನ್ ಕೆಳಗಿನ ತಗಡೋ ಜೋತುಬಿದ್ದರೆ ಕಟ್ಟಿಕೊಂಡು ಬರೋಕೆ ಇಷ್ಟು ಸಾಕು.

ಕೈ ಹಾಕಬಾರದವು ಕೆಲವಿವೆ. ಬ್ರೇಕ್ ಪೆಡಲ್ ಮೆತ್ತಗಾದರೆ, ಸ್ಟೀರಿಂಗ್ ಸಡಿಲವಾದರೆ, ಪೆಟ್ರೋಲ್ ವಾಸನೆ ಬಂದರೆ, ಮೀಟರಿನಲ್ಲಿ ಆಯಿಲ್ ಡಬ್ಬಿಯ ಚಿತ್ರದ ಕೆಂಪು ದೀಪ ಹತ್ತಿದರೆ ಅಲ್ಲೇ ನಿಲ್ಲಿಸಿ ಟೋಯಿಂಗ್ ಕರೆಯಿರಿ. ಸ್ವಲ್ಪ ದೂರ ಅಲ್ವಾ, ಹೋಗೋಣ ಅನ್ನಬೇಡಿ. ನೀರು ತುಂಬಿದ ರಸ್ತೆಯಲ್ಲಿ ಎಂಜಿನ್ ನಿಂತರೆ ಮತ್ತೆ ಚಾಲೂ ಮಾಡೋಕೆ ಹೋಗಬೇಡಿ. ಸಿಲಿಂಡರಿಗೆ ನೀರು ಹೋಗಿದ್ದರೆ ಒಂದೇ ಸಲಕ್ಕೆ ಒಳಗಿನ ರಾಡ್ ಬಗ್ಗುತ್ತದೆ.

ಇಷ್ಟು ಹೇಳಿದರೂ ನನ್ನನ್ನು ಹೆಚ್ಚು ಹೆದರಿಸುವುದು ಕೆಟ್ಟ ಕಾರಲ್ಲ, ಹಿಂದಿನಿಂದ ಬರುವ ಗಾಡಿ. ಘಾಟಿಯಲ್ಲಿ ಮಂಜು ಇಳಿದರೆ ಹತ್ತು ಮಾರು ದೂರ ಕಾಣುವುದಿಲ್ಲ. ನಿಂತ ಕೂಡಲೇ ನಾಲ್ಕೂ ಇಂಡಿಕೇಟರ್ ಹಾಕಿ, ಹೊಳೆಯುವ ಜಾಕೆಟ್ ತೊಟ್ಟು, ರಸ್ತೆಯ ಕಡೆಗಲ್ಲದ ಬಾಗಿಲಿಂದ ಇಳಿಯಿರಿ. ಕೆಂಪು ತ್ರಿಕೋನವನ್ನು ಕನಿಷ್ಠ 50 ಮೀಟರ್ ಹಿಂದೆ ಇಡಿ. ತಿರುವಿದ್ದರೆ ತಿರುವಿಗೂ ಹಿಂದೆ, ಬರುವವನಿಗೆ ತಿರುಗುವ ಮೊದಲೇ ಕಾಣಬೇಕು. ತ್ರಿಕೋನ ಇಲ್ಲದವರು ಸೊಪ್ಪಿನ ಕೊಂಬೆ ಮುರಿದು ಹಾಕುತ್ತಾರೆ. ಅದು ತಪ್ಪಲ್ಲ, ಲಾರಿಯವರಿಗೆಲ್ಲ ಅದರ ಅರ್ಥ ಗೊತ್ತು. ಆದರೆ ಚಕ್ರಕ್ಕೆ ಕೊಟ್ಟ ಕಲ್ಲನ್ನು ಹೊರಡುವಾಗ ರಸ್ತೆಯಲ್ಲೇ ಬಿಡುತ್ತಾರಲ್ಲ, ಅದು ನನಗೆ ಬಹಳ ಸಂಕಟ. ಅಂಥ ಒಂದು ಕಲ್ಲಿಗೆ ಹತ್ತಿ ಬಿದ್ದ ಬೈಕಿನ ಹುಡುಗನನ್ನು ಎತ್ತಿದವನು ನಾನು. ದಯವಿಟ್ಟು ತೆಗೆದು ಬದಿಗೆ ಹಾಕಿ. ಸಹಾಯಕ್ಕೆ ಕಾಯುವಾಗ ಕಾರಿನೊಳಗೆ ಕೂರಬೇಡಿ, ತಡೆಗೋಡೆಯ ಆಚೆ ನಿಲ್ಲಿ. ಒಬ್ಬರೇ ಇದ್ದು ಜಾಗ ಸರಿಯಿಲ್ಲ ಅನ್ನಿಸಿದರೆ, ಚಕ್ರ ಹಾಳಾದರೂ ಸರಿ, ಜನ ಇರುವ ಚಹಾ ಅಂಗಡಿಯ ತನಕ ನಿಧಾನ ಓಡಿಸಿ.

ಖರ್ಚಿನ ಲೆಕ್ಕ ಕೇಳಿದ್ದೀರಿ. ಉದ್ದದ ಪಾನಾ, ಗಾಳಿ ಯಂತ್ರ, ಟಾರ್ಚು, ಕೈಗವಸು, ಮೇಲೆ ಹೇಳಿದ ಸಣ್ಣಪುಟ್ಟ ಸಾಮಾನು ಎಲ್ಲ ಸೇರಿ ನಾಲ್ಕೈದು ಸಾವಿರದಲ್ಲಿ ಆಗುತ್ತದೆ. ಜಂಪ್ ಸ್ಟಾರ್ಟರ್ ಬೇಕಾದರೆ ಇನ್ನೊಂದು ಮೂರು ನಾಲ್ಕು ಸಾವಿರ. ಟಾರ್ಚು ತಲೆಗೆ ಕಟ್ಟುವಂಥದ್ದಿರಲಿ, ಫೋನಿನ ಬೆಳಕು ಹಿಡಿದುಕೊಂಡು ನಟ್ಟು ಬಿಚ್ಚೋಕೆ ಮೂರನೇ ಕೈ ಬೇಕಾಗುತ್ತದೆ. ಕೊಂಡ ಭಾನುವಾರವೇ ಮನೆಯ ಅಂಗಳದಲ್ಲಿ ಒಂದು ಚಕ್ರ ಪೂರ್ತಿ ಬಿಚ್ಚಿ ಹಾಕಿ ನೋಡಿ. ಗನ್ನಿನಲ್ಲಿ ಬಿಗಿಸಿದ ನಟ್ಟು ಅಲ್ಲೇ ಗೊತ್ತಾಗುತ್ತದೆ. ಆಗದಿದ್ದರೆ ಹತ್ತಿರದ ಅಂಗಡಿಯಲ್ಲಿ ಬಿಚ್ಚಿಸಿ, ಕೈಯಲ್ಲೇ ಬಿಗಿ ಮಾಡಿ ಅಂತ ಹೇಳಿ. ಮುಂದೆ ಪ್ರತಿ ಸಲ ಟೈರಿನ ಕೆಲಸ ಆದಾಗಲೂ ಹಾಗೇ ಹೇಳಿ.

ಇನ್ನು ಎಲ್ಲಿ ಇಡುವುದು ಅನ್ನುವುದು. ತವರಿಂದ ವಾಪಸ್ ಬರುವಾಗ ಡಿಕ್ಕಿಯಲ್ಲಿ ತೆಂಗಿನಕಾಯಿ, ಹಲಸು, ಅಮ್ಮ ಕಟ್ಟಿಕೊಟ್ಟ ಗಂಟು ಎಲ್ಲ ಇರುತ್ತದೆ, ಅಲ್ವಾ? ಸ್ಟೆಪ್ನಿ, ಜಾಕ್ ಎಲ್ಲದರ ಅಡಿಯಲ್ಲಿ. ಮಳೆಯಲ್ಲಿ ನಿಂತು ಅಷ್ಟನ್ನೂ ಇಳಿಸಬೇಕಾಗುತ್ತದೆ. ತ್ರಿಕೋನ, ಜಾಕೆಟ್, ಟಾರ್ಚು, ರೇನ್‌ಕೋಟು ಡ್ರೈವರ್ ಸೀಟಿನ ಹಿಂದೆ ಒಂದು ಚೀಲದಲ್ಲಿರಲಿ. ಪಾನಾ, ಗಾಳಿ ಯಂತ್ರ ಇನ್ನೊಂದು ಚೀಲದಲ್ಲಿ, ಹಿಂದಿನ ಸೀಟಿನ ಕೆಳಗೆ, ಬ್ರೇಕ್ ಹಾಕಿದಾಗ ಮುಂದಕ್ಕೆ ಜಾರದ ಹಾಗೆ ಬಿಗಿಯಾಗಿ. ಕಾಯಿಯ ಮೂಟೆಯನ್ನು ಹಾಗೇ ಎತ್ತಿ ಕೆಳಗಿಡೋಕೆ ಬರುವಂತೆ ಎರಡು ಹಿಡಿ ಇರುವ ಚೀಲಕ್ಕೆ ತುಂಬಿಸಿಕೊಡಿ ಅಂತ ಅಮ್ಮನಿಗೆ ಹೇಳಿ.